ಕೆಸರಿನ ಊರಿನ ಮೊದಲ ಮೇಯರ್



ಷಿಕಾಗೋ ಎಂಬ ಹೆಸರು ಕೇಳಿದೊಡನೆ ನಿಮ್ಮಲ್ಲಿ ಬಹುಮಂದಿಗೆ ಸ್ವಾಮಿ ವಿವೇಕಾನಂದರ ನೆನಪಾಗುತ್ತದೆ. 1893ರ ಸೆಪ್ಟೆಂಬರ್ 11ರಂದು ಅವರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅಮೆರಿಕದ ಆ ನಗರದಲ್ಲಿಯೇ. ಆಗ ಅದು ಹನ್ನೊಂದು ಲಕ್ಷ ಜನರನ್ನು ಮೀರಿದ ಮಹಾನಗರ. ಆದರೆ ಅದಕ್ಕೆ ಅರವತ್ತು ವರ್ಷ ಹಿಂದೆ ಅದೇ ಜಾಗದಲ್ಲಿ ಇದ್ದದ್ದು ಒಂದು ಕೋಟೆ, ಕೆಲವು ಮರದ ಮನೆಗಳು, ಕೆಲವು ನೂರು ಜನ ಮತ್ತು ಕಣ್ಣು ಹಾಯಿಸಿದಷ್ಟು ದೂರ ಕೆಸರು.

ಒಬ್ಬ ಮನುಷ್ಯನ ಆಯುಸ್ಸಿನಲ್ಲೇ ಹಳ್ಳಿಯೊಂದು ಮಹಾನಗರವಾಗುವುದು ಹೇಗೆ ಸಾಧ್ಯ? ಸರೋವರ ಇತ್ತು, ನದಿ ಇತ್ತು, ಸುತ್ತ ಫಲವತ್ತಾದ ಬಯಲು ಇತ್ತು ಎಂದು ಭೂಗೋಳದ ಪುಸ್ತಕ ಉತ್ತರ ಹೇಳುತ್ತದೆ. ಅದು ನಿಜ. ಆದರೆ ಸರೋವರವಾಗಲಿ ನದಿಯಾಗಲಿ ತಾವಾಗಿಯೇ ಊರು ಕಟ್ಟುವುದಿಲ್ಲ. ಯಾರೋ ಹಣ ಹೂಡಬೇಕು, ಯಾರೋ ಸಾಲ ಕೊಡಬೇಕು, ಪಡೆದ ಸಾಲವನ್ನು ಯಾರೋ ತೀರಿಸಬೇಕು. ಷಿಕಾಗೋದ ಮಟ್ಟಿಗೆ ಈ ಎಲ್ಲ ಕೆಲಸಗಳಲ್ಲೂ ಮುಂದೆ ನಿಂತವನು ಅದರ ಮೊದಲ ಮೇಯರ್ ವಿಲಿಯಂ ಬಟ್ಲರ್ ಆಗ್ಡೆನ್. ಆತ ವ್ಯಾಪಾರಿ, ಜನಪ್ರತಿನಿಧಿಯೂ ಹೌದು. ಈ ಎರಡು ಪಾತ್ರಗಳು ಒಬ್ಬನಲ್ಲೇ ಸೇರಿದಾಗ ಊರಿಗೆ ಏನು ಲಾಭ, ಏನು ಅಪಾಯ ಎಂಬುದನ್ನು ಆತನ ಬದುಕಿನ ಮೂಲಕ ನೋಡೋಣ.

ಹುಡುಗನ ಹೆಗಲಿಗೆ ಸಂಸಾರ

ಆಗ್ಡೆನ್ ಹುಟ್ಟಿದ್ದು 1805ರ ಜೂನ್ 15ರಂದು, ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬ ಸಣ್ಣ ಊರಿನಲ್ಲಿ. ಬೆಟ್ಟಗುಡ್ಡಗಳ ನಡುವೆ ಡೆಲವೇರ್ ನದಿಯ ಒಂದು ಕವಲು ಹರಿಯುವ ಪ್ರದೇಶ ಅದು. ಮನೆಯವರದು ಮರ ಮತ್ತು ಜಮೀನಿನ ವ್ಯವಹಾರ. ಹುಡುಗನಿಗೆ ಕಾನೂನು ಓದುವ ಆಸೆ ಇತ್ತು. ಆದರೆ ತಂದೆ ಕಾಯಿಲೆ ಬಿದ್ದುದರಿಂದ, ನಿಮ್ಮಲ್ಲಿ ಹಲವರು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ವಯಸ್ಸಿನಲ್ಲಿ, ಆತ ಓದು ಬಿಟ್ಟು ವ್ಯವಹಾರ ನೋಡಿಕೊಳ್ಳಬೇಕಾಯಿತು. ಕಾಡಿನ ಮರಕ್ಕೆ ಬೆಲೆ ಕಟ್ಟುವುದು, ಜಮೀನನ್ನು ಅಳೆಯುವುದು, ಕೂಲಿಯವರಿಗೆ ಸಂಬಳ ಹೊಂದಿಸುವುದು, ಸಾಲಗಾರರೊಡನೆ ಮಾತನಾಡುವುದು, ಇವೇ ಆತನ ಪಾಠಗಳಾದವು.

ಆ ಕಾಲದ ನ್ಯೂಯಾರ್ಕ್ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಒಂದು ಕಾಲುವೆಯ ಮಾತು. 1825ರಲ್ಲಿ ಈರೀ ಕಾಲುವೆ ಪೂರ್ಣಗೊಂಡಿತ್ತು. 584 ಕಿಲೋಮೀಟರ್ ಉದ್ದದ ಈ ಜಲಮಾರ್ಗವನ್ನು ರಾಜ್ಯ ಸರ್ಕಾರವೇ ಸಾಲ ಎತ್ತಿ ಕಟ್ಟಿಸಿತ್ತು. ಒಳನಾಡಿನ ಗೋಧಿ ಕಡಿಮೆ ಬಾಡಿಗೆಗೆ ನ್ಯೂಯಾರ್ಕ್ ಬಂದರಿಗೆ ಇಳಿಯತೊಡಗಿತು. ಕಾಲುವೆ ಹಾದುಹೋದ ಹಳ್ಳಿಗಳು ಪಟ್ಟಣಗಳಾದವು. ಸಾಗಣೆಯ ದಾರಿ ಬಂದರೆ ಭೂಮಿಯ ಬೆಲೆ ಏರುತ್ತದೆ ಎಂಬ ಸತ್ಯವನ್ನು ಯುವಕ ಆಗ್ಡೆನ್ ಕಣ್ಣಾರೆ ಕಂಡ. ಮುಂದೆ ರಾಜ್ಯದ ವಿಧಾನಸಭೆಗೆ ಆಯ್ಕೆಯಾದಾಗ ಆತ ವಾದಿಸಿದ್ದು ಹೊಸ ರೈಲುಮಾರ್ಗವೊಂದರ ಪರವಾಗಿಯೇ.

ಒಂದು ಲಕ್ಷ ಡಾಲರಿನ ಕೆಸರು

1835ರಲ್ಲಿ ಆತನ ಬದುಕು ದಿಕ್ಕು ಬದಲಿಸಿತು. ಆತನ ಭಾವ ಚಾರ್ಲ್ಸ್ ಬಟ್ಲರ್ ನ್ಯೂಯಾರ್ಕಿನ ವಕೀಲ ಮತ್ತು ಹೂಡಿಕೆದಾರ. ಷಿಕಾಗೋ ನದಿಯ ಉತ್ತರ ದಂಡೆಯ ದೊಡ್ಡ ಜಮೀನೊಂದನ್ನು ಆತ ಒಂದು ಲಕ್ಷ ಡಾಲರಿಗೆ ಕೊಂಡಿದ್ದ. ಸ್ವಲ್ಪ ಕಾಲದ ಹಿಂದಷ್ಟೇ ಅದೇ ಜಮೀನು 20,000 ಡಾಲರಿಗೆ ಕೈ ಬದಲಾಗಿತ್ತು. ಅದನ್ನು ನಿವೇಶನಗಳಾಗಿ ವಿಂಗಡಿಸಿ ಮಾರುವ ಕೆಲಸಕ್ಕೆ ಆಗ್ಡೆನ್‌ನನ್ನು ಕಳುಹಿಸಲಾಯಿತು.

ಬಂದು ನೋಡಿದರೆ ಪೊದೆ, ಹುಲ್ಲು ಮತ್ತು ಜೌಗು ನೆಲ. ಮಳೆ ಬಿದ್ದು ನೀರು ನಿಂತಿತ್ತು. ಕಾಲಿಟ್ಟರೆ ಹೂತುಹೋಗುವಷ್ಟು ಕೆಸರು. ಇಷ್ಟು ಹಣ ಸುರಿದದ್ದು ಶುದ್ಧ ಮೂರ್ಖತನ ಎಂದು ಆತ ಭಾವನಿಗೆ ಪತ್ರ ಬರೆದ. ಹಾಗಿದ್ದರೂ ವಹಿಸಿಕೊಂಡ ಕೆಲಸವನ್ನು ಬಿಡಲಿಲ್ಲ. ನೆಲದ ನೀರು ಬಸಿಯುವಂತೆ ಮಾಡಿಸಿದ, ಬೀದಿಗಳನ್ನು ಗುರುತಿಸಿದ, ಹರಾಜು ಕರೆದ. ಜಮೀನಿನ ಸುಮಾರು ಮೂರನೆಯ ಒಂದು ಭಾಗ ಮಾರುವಷ್ಟರಲ್ಲೇ ಹಾಕಿದ ಒಂದು ಲಕ್ಷ ಡಾಲರ್ ವಾಪಸು ಬಂದಿತು! ಪತ್ರ ಬರೆದವನಿಗೇ ಆಶ್ಚರ್ಯ. ಆದರೆ ಈ ಬೆಲೆ ಕೆಸರಿಗಲ್ಲ, ಮುಂದೆ ಬರಲಿದೆಯೆಂದು ಜನ ನಂಬಿದ್ದ ಕಾಲುವೆಗೆ ಎಂಬುದು ಆತನಿಗೆ ಬೇಗನೆ ತಿಳಿಯಿತು. ಆತ ಷಿಕಾಗೋದಲ್ಲೇ ನೆಲೆಸಿದ.

ಇಲ್ಲಿ ಸ್ವಲ್ಪ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಜಮೀನು ಮೊದಲು ಯಾರದು? ಆ ಸೀಮೆಯಲ್ಲಿ ತಲೆಮಾರುಗಳಿಂದ ಬದುಕಿದ್ದವರು ಪೊಟವಾಟಮಿ ಮೊದಲಾದ ಮೂಲನಿವಾಸಿಗಳು. 1833ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದಲ್ಲೇ ನಡೆದ ಒಪ್ಪಂದದಲ್ಲಿ ಅವರು ಸರೋವರದ ಪಶ್ಚಿಮಕ್ಕಿದ್ದ ಸುಮಾರು 50 ಲಕ್ಷ ಎಕರೆ ಭೂಮಿಯನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟು, ಮಿಸಿಸಿಪಿ ನದಿಯಾಚೆಗೆ ಹೊರಡಬೇಕಾಯಿತು. 1835ರ ಆಗಸ್ಟ್‌ನಲ್ಲಿ ಅವರ ಸುಮಾರು 800 ಯೋಧರು ಊರಿನ ಬೀದಿಗಳಲ್ಲಿ ಕೊನೆಯ ಬಾರಿಗೆ ಕುಣಿಯುತ್ತ ಸಾಗಿದರು. ಆಗ್ಡೆನ್ ನಿವೇಶನ ಮಾರಿದ ವರ್ಷವೂ ಅದೇ. ಒಬ್ಬರು ನೆಲ ಬಿಟ್ಟು ಹೊರಟ ಹೊತ್ತಿಗೇ ಇನ್ನೊಬ್ಬರು ಅದೇ ನೆಲವನ್ನು ಗಜ ಹಿಡಿದು ಅಳೆಯುತ್ತಿದ್ದರು. ನಗರದ ಕಥೆಯನ್ನು ಓದುವಾಗ ಇದನ್ನು ಮರೆಯಬಾರದು.

ಮೇಯರ್ ಆದ ಎಂಟೇ ದಿನಕ್ಕೆ

1837ರ ಮಾರ್ಚ್ 4ರಂದು ಷಿಕಾಗೋ ನಗರವೆಂಬ ಮಾನ್ಯತೆ ಪಡೆಯಿತು. ಜನಸಂಖ್ಯೆ ಆಗ ನಾಲ್ಕು ಸಾವಿರಕ್ಕೆ ಸ್ವಲ್ಪ ಹೆಚ್ಚು. ಮೇ 2ರಂದು ಮೊದಲ ಚುನಾವಣೆ. ಡೆಮಾಕ್ರಟಿಕ್ ಪಕ್ಷದಿಂದ ನಿಂತ ಆಗ್ಡೆನ್‌ಗೆ 489 ಮತ, ಎದುರಾಳಿ ಜಾನ್ ಕಿನ್ಜಿಗೆ 217 ಮತ. ಕಿನ್ಜಿ ಆ ಊರಿನ ಹಳೆಯ ಮನೆತನದವನು. ಆಗ್ಡೆನ್ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ಹೊಸಬನೇ ಗೆದ್ದ. ಆ ಊರಿನಲ್ಲಿ ಬಹುತೇಕ ಎಲ್ಲರೂ ಹೊಸಬರೇ ಆಗಿದ್ದರಲ್ಲವೇ!

ಗೆದ್ದ ಸಂತೋಷ ಎಂಟು ದಿನವೂ ಉಳಿಯಲಿಲ್ಲ. ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಚರಿತ್ರೆಯಲ್ಲಿ ಇದನ್ನು '1837ರ ಹಣಕಾಸಿನ ಭೀತಿ' ಎನ್ನುತ್ತಾರೆ.

ಇದು ಹೇಗಾಯಿತೆಂದು ಸರಳವಾಗಿ ಹೇಳುವುದಾದರೆ: ಆ ಕಾಲದಲ್ಲಿ ನೋಟು ಅಚ್ಚು ಹಾಕುತ್ತಿದ್ದುದು ಖಾಸಗಿ ಮತ್ತು ರಾಜ್ಯಗಳ ಬ್ಯಾಂಕುಗಳು. ಯಾರಾದರೂ ನೋಟು ತಂದರೆ ಅಷ್ಟು ಬೆಲೆಯ ಚಿನ್ನವನ್ನೋ ಬೆಳ್ಳಿಯನ್ನೋ ಕೊಡುವೆವು ಎಂಬ ಭರವಸೆಯ ಮೇಲೆ ಅವು ಚಲಾವಣೆಯಾಗುತ್ತಿದ್ದವು. ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು; ಜನ ಆ ಸಾಲದಲ್ಲಿ ಜಮೀನು ಕೊಂಡರು; ಜಮೀನಿನ ಬೆಲೆ ಏರಿತು; ಏರಿದ ಬೆಲೆಯ ಜಮೀನನ್ನೇ ಅಡವಿಟ್ಟು ಮತ್ತೆ ಸಾಲ ಪಡೆದರು. 1836ರಲ್ಲಿ ಕೇಂದ್ರ ಸರ್ಕಾರ, ತನ್ನ ಜಮೀನು ಕೊಳ್ಳುವವರು ಚಿನ್ನ ಬೆಳ್ಳಿಯನ್ನೇ ಕೊಡಬೇಕೆಂದು ಆಜ್ಞೆ ಹೊರಡಿಸಿತು. ನೋಟಿನ ಮೇಲಿನ ನಂಬಿಕೆ ಅಲುಗಾಡಿತು. ನಂಬಿಕೆ ಹೋದ ಮೇಲೆ ನೋಟು ಬರಿಯ ಕಾಗದ. ಬೆಲೆ ಏರಿದ್ದ ಜಮೀನು ಮತ್ತೆ ಬರಿಯ ಕೆಸರು. ಷಿಕಾಗೋದಂಥ ಊರಿನಲ್ಲಿ ಇದರ ಪೆಟ್ಟು ಹೇಗಿದ್ದಿರಬಹುದು, ಊಹಿಸಿ. ಅಲ್ಲಿ ಸಾಲ ಮಾಡದೆ ನಿವೇಶನ ಕೊಂಡವರೇ ಅಪರೂಪ.

ಸಾಲಗಾರರೆಲ್ಲ ಸಭೆ ಸೇರಿದರು. ನ್ಯಾಯಾಲಯಗಳು ಸಾಲ ವಸೂಲಿ ಮೊಕದ್ದಮೆಗಳನ್ನು ನಿಲ್ಲಿಸಬೇಕು, ಸಾಲ ತೀರಿಸುವ ಹೊಣೆಯಿಂದ ಜನರನ್ನು ಸದ್ಯಕ್ಕೆ ಬಿಡಿಸಬೇಕು ಎಂದು ಹಲವರು ಒತ್ತಾಯಿಸಿದರು. ಅವರ ಸಂಕಟ ಸುಳ್ಳಲ್ಲ. ಸ್ವತಃ ಆಗ್ಡೆನ್ ಕೂಡ ಸ್ನೇಹಿತರ ಸಾಲಪತ್ರಗಳಿಗೆ ಜಾಮೀನು ನಿಂತು ಸಿಕ್ಕಿಹಾಕಿಕೊಂಡಿದ್ದ. ಸಾಲ ರದ್ದಾದರೆ ಆತನಿಗೂ ಅನುಕೂಲವೇ. ಆದರೂ ಮೇಯರ್ ಎದ್ದುನಿಂತು ಬೇರೆಯೇ ಮಾತನಾಡಿದ. ಕಷ್ಟವನ್ನು ಧೈರ್ಯವಾಗಿ ಎದುರಿಸೋಣ, ನಮ್ಮ ಎಳೆಯ ನಗರದ ಹೆಸರಿಗೆ ಮಸಿ ಬಳಿಯುವುದು ಬೇಡ ಎಂಬುದು ಆತನ ಮಾತಿನ ಸಾರ. ಸಭೆ ಆತನ ಮಾತಿಗೆ ತಲೆದೂಗಿತು.

ಇದು ಕೇವಲ ನೀತಿಬೋಧೆಯಾಗಿರಲಿಲ್ಲ, ಇದರಲ್ಲಿ ಲೆಕ್ಕಾಚಾರವೂ ಇತ್ತು. ಷಿಕಾಗೋ ಬಳಿ ಸ್ವಂತ ಬಂಡವಾಳವಿರಲಿಲ್ಲ. ಕಾಲುವೆಗೆ, ಸೇತುವೆಗೆ, ಬಂದರಿಗೆ ಬೇಕಾದ ಹಣವೆಲ್ಲ ನ್ಯೂಯಾರ್ಕಿನಿಂದ, ಲಂಡನ್ನಿನಿಂದ ಬರಬೇಕು. ಒಮ್ಮೆ ಕೈ ಎತ್ತಿದ ಊರಿಗೆ ಮತ್ತೆ ಸಾಲ ಕೊಡುವವರು ಯಾರು? ಆಡಿದ ಮಾತು ಹೋದರೆ ಒಡೆದ ಮುತ್ತಿನಂತೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಆಗ್ಡೆನ್ ಉಳಿಸಿದ್ದು ಆ ಮುತ್ತನ್ನು. ಸಿಬ್ಬಂದಿಗೆ ಸಂಬಳ ಕೊಡಲು ಹಣವಿಲ್ಲದಾಗ ನಗರಸಭೆ, ಮುಂದೆ ಬಡ್ಡಿಸಮೇತ ತೀರಿಸುವ ಭರವಸೆಯ ಸಣ್ಣ ಮೊತ್ತದ ಪತ್ರಗಳನ್ನು ಹೊರಡಿಸಿ ದಿನ ದೂಡಿತು. ಆಗ್ಡೆನ್ ತನ್ನ ಸ್ವಂತ ಸಾಲದ ಭಾರದಿಂದ ಹೊರಬರಲು ಹಲವು ವರ್ಷಗಳೇ ಹಿಡಿದವು. ಮೇಯರ್ ಪದವಿಯ ಅವಧಿ ಒಂದೇ ವರ್ಷ. ಆದರೆ ಆ ವರ್ಷದ ನಿರ್ಧಾರದ ಫಲ ಬಹುಕಾಲ ಉಳಿಯಿತು.

ಕಾಲುವೆ ಬಂತು, ರೈಲೂ ಬಂತು

ನಂಬಿಕೆಯ ನಿಜವಾದ ಪರೀಕ್ಷೆ ಕಾಲುವೆಯ ವಿಷಯದಲ್ಲಿ ನಡೆಯಿತು. ಮಿಷಿಗನ್ ಸರೋವರವನ್ನು ಇಲಿನಾಯ್ ನದಿಗೆ, ಆ ಮೂಲಕ ಮಿಸಿಸಿಪಿಗೆ ಜೋಡಿಸುವ 155 ಕಿಲೋಮೀಟರ್ ಕಾಲುವೆಯ ಕೆಲಸ 1836ರ ಜುಲೈ 4ರಂದು ಆರಂಭವಾಗಿತ್ತು. ಆದರೆ ಇಲಿನಾಯ್ ರಾಜ್ಯ ಹಾಸಿಗೆ ನೋಡದೆ ಕಾಲು ಚಾಚಿತು. ರೈಲು, ರಸ್ತೆ, ನದಿ ಕಾಮಗಾರಿಗಳೆಂದು ಒಟ್ಟಿಗೇ ಒಂದು ಕೋಟಿ ಡಾಲರಿನ ಯೋಜನೆ ಹಾಕಿ, ಕೊನೆಗೆ ಸಾಲದ ಬಡ್ಡಿಯನ್ನೂ ಕಟ್ಟಲಾಗದೆ ನಿಂತಿತು. ಕಾಲುವೆಯ ಕೆಲಸವೂ ನಿಂತುಹೋಯಿತು. ಆಗ ಆಗ್ಡೆನ್ ಮತ್ತು ಆತನ ಕೆಲವು ಸಂಗಡಿಗರು ಒಂದು ಉಪಾಯ ಮುಂದಿಟ್ಟರು. ಹಳೆಯ ಸಾಲ ಕೊಟ್ಟವರೇ ಇನ್ನೂ 16 ಲಕ್ಷ ಡಾಲರ್ ಕೊಡಲಿ. ಅದಕ್ಕೆ ಭದ್ರತೆಯಾಗಿ ಕಾಲುವೆಯನ್ನೂ ಅದರ ಜಮೀನುಗಳನ್ನೂ ಸಾಲಿಗರು ಒಪ್ಪುವ ಧರ್ಮದರ್ಶಿಗಳ ಕೈಗೆ ಒಪ್ಪಿಸೋಣ ಎಂಬುದು ಅದರ ತಿರುಳು. ಸಾಲ ಕೊಟ್ಟವರು ಒಪ್ಪಿದರು. 1848ರಲ್ಲಿ ಕಾಲುವೆಯ ಮೇಲೆ ದೋಣಿಗಳು ಓಡಿದವು.

ಅದೇ ವರ್ಷ ರೈಲೂ ಬಂತು. ಷಿಕಾಗೋದಿಂದ ಸೀಸದ ಗಣಿಗಳ ಊರಾದ ಗಲೀನಾಕ್ಕೆ ರೈಲುಮಾರ್ಗ ಹಾಕಲು 1836ರಲ್ಲೇ ಕಂಪನಿಯೊಂದಕ್ಕೆ ಪರವಾನಗಿ ಸಿಕ್ಕಿತ್ತು. ಹಣವಿಲ್ಲದೆ ಅದು ಹತ್ತು ವರ್ಷ ಮಲಗಿತ್ತು. ಆಗ್ಡೆನ್ ಅದರ ಅಧ್ಯಕ್ಷನಾದ. ಪೂರ್ವದ ಶ್ರೀಮಂತರು, ಮೊದಲು ನಿಮ್ಮ ಜನ ಹಣ ಹಾಕಲಿ ಎಂದರು. ಷಿಕಾಗೋದ ಹಲವು ಅಂಗಡಿಯವರಿಗೂ ರೈಲು ಬೇಡವಾಗಿತ್ತು. ರೈತರು ಎತ್ತಿನ ಗಾಡಿಯಲ್ಲಿ ಊರಿಗೆ ಬಂದರೆ ತಾನೇ ತಮಗೆ ವ್ಯಾಪಾರ. ರೈಲು ಬಂದರೆ ಗಿರಾಕಿ ದೂರದಲ್ಲೇ ನಿಲ್ಲುತ್ತಾನೆ ಎಂಬ ಅಂಜಿಕೆ ಅವರದು. ಆಗ ಆಗ್ಡೆನ್ ಗಾಡಿ ಕಟ್ಟಿಸಿಕೊಂಡು ಹಳ್ಳಿ ಹಳ್ಳಿಗೆ ಹೊರಟ. ಶಾಲೆಗಳಲ್ಲಿ, ತೋಟದ ಮನೆಗಳಲ್ಲಿ ರೈತರನ್ನು ಸೇರಿಸಿ, ರಸ್ತೆಯ ಕೆಸರಿನಲ್ಲಿ ನಿಮ್ಮ ಗೋಧಿ ಎಷ್ಟು ದಿನ ಹೂತಿರುತ್ತದೆ ಎಂಬ ಲೆಕ್ಕ ತೋರಿಸಿ, ಸಣ್ಣ ಸಣ್ಣ ಕಂತುಗಳಲ್ಲಿ ಷೇರು ಮಾರಿದ.

1848ರ ಅಕ್ಟೋಬರ್‌ನಲ್ಲಿ 'ಪಯೊನೀರ್' ಎಂಬ ಎಂಜಿನ್ ಷಿಕಾಗೋದಿಂದ ಪಶ್ಚಿಮಕ್ಕೆ ಮೊದಲ ಬಾರಿಗೆ ಓಡಿತು. ಅದು ಹೊಸದೇನೂ ಅಲ್ಲ, ಬೇರೊಬ್ಬರು ಬಳಸಿದ್ದ ಎಂಜಿನ್. ಹಳಿಗಳೂ ಪೂರ್ತಿ ಕಬ್ಬಿಣದವಲ್ಲ. ಮರದ ದಿಮ್ಮಿಗಳ ಮೇಲೆ ಹೊಡೆದ ಕಬ್ಬಿಣದ ಪಟ್ಟಿಗಳು. ಹೋದ ದೂರ ಹತ್ತಾರು ಕಿಲೋಮೀಟರ್ ಅಷ್ಟೆ. ಆದರೆ ಹಿಂದಿರುಗುವಾಗ ದಾರಿಯಲ್ಲಿ ಸಿಕ್ಕ ರೈತನೊಬ್ಬನ ಗೋಧಿಯನ್ನು ರೈಲಿನಲ್ಲಿದ್ದವರು ಕೊಂಡು ಅದರಲ್ಲೇ ಊರಿಗೆ ತಂದರು. ಷಿಕಾಗೋಗೆ ರೈಲಿನಲ್ಲಿ ಬಂದ ಮೊದಲ ಗೋಧಿ ಅದು. 1850ರ ಹೊತ್ತಿಗೆ ಹಳಿ ಎಲ್ಗಿನ್ ಪಟ್ಟಣ ಮುಟ್ಟಿತು. ಒಂದು ತಮಾಷೆಯೆಂದರೆ, ಹೆಸರಿನಲ್ಲೇ ಗಲೀನಾ ಇದ್ದ ಆ ಕಂಪನಿಯ ಹಳಿ ಗಲೀನಾವನ್ನು ಮುಟ್ಟಲೇ ಇಲ್ಲ! ಅಷ್ಟರಲ್ಲಿ ಗೋಧಿಯ ಬಯಲೇ ಗಣಿಗಿಂತ ದೊಡ್ಡ ಸಂಪತ್ತಾಗಿತ್ತು. ಆ ಪಯೊನೀರ್ ಎಂಜಿನ್ ಷಿಕಾಗೋದ ಇತಿಹಾಸ ಸಂಗ್ರಹಾಲಯದಲ್ಲಿದೆ.

ಗೋಧಿ ಸಾಗಿಸಲು ದಾರಿಯಾಯಿತು, ಕೊಯ್ಯುವುದು ಹೇಗೆ? ಮಾಗಿದ ಗೋಧಿಯನ್ನು ಕೆಲವೇ ದಿನಗಳಲ್ಲಿ ಕೊಯ್ಯದಿದ್ದರೆ ಕಾಳು ಉದುರಿಹೋಗುತ್ತದೆ. ಕೈಯಲ್ಲಿ ಎಷ್ಟು ಕೊಯ್ಯಬಹುದೋ ಅಷ್ಟನ್ನೇ ರೈತ ಬಿತ್ತುತ್ತಿದ್ದ. ಸೈರಸ್ ಮೆಕಾರ್ಮಿಕ್ ಎಂಬಾತ ಕುದುರೆ ಎಳೆಯುವ ಕೊಯ್ಲು ಯಂತ್ರಕ್ಕೆ 1834ರಲ್ಲಿ ಪೇಟೆಂಟ್ ಪಡೆದಿದ್ದ. ಆತ 1847ರಲ್ಲಿ ಷಿಕಾಗೋಗೆ ಬಂದಾಗ ಆಗ್ಡೆನ್ 25,000 ಡಾಲರ್ ಕೊಟ್ಟು ಕಾರ್ಖಾನೆಯಲ್ಲಿ ಅರ್ಧ ಪಾಲುದಾರನಾದ. ಎರಡು ವರ್ಷಗಳ ನಂತರ ಮೆಕಾರ್ಮಿಕ್ ಆ ಪಾಲನ್ನು 50,000 ಡಾಲರಿಗೆ ಬಿಡಿಸಿಕೊಂಡ. ಯಂತ್ರ ಬಂದುದರಿಂದ ಹೆಚ್ಚು ಬಿತ್ತನೆ, ಹೆಚ್ಚು ಬೆಳೆಯಿಂದ ರೈಲಿಗೆ ಹೆಚ್ಚು ಸರಕು, ಹೆಚ್ಚು ಸರಕಿನಿಂದ ಊರಿಗೆ ಹೆಚ್ಚು ಜನ. ಒಂದು ಚಕ್ರ ಇನ್ನೊಂದನ್ನು ತಿರುಗಿಸಿತು. 1840ರಲ್ಲಿ 4,470 ಇದ್ದ ನಗರದ ಜನಸಂಖ್ಯೆ 1850ರಲ್ಲಿ 29,963, 1870ರಲ್ಲಿ 2,98,977.

ಊರಿನ ಲಾಭ, ತನ್ನ ಲಾಭ

ಈಗ ಮೊದಲೇ ಹೇಳಿದ ಪ್ರಶ್ನೆಗೆ ಬರೋಣ. ಆಗ್ಡೆನ್ ಮೇಯರ್ ಆಗಿದ್ದ, ನಂತರ ನಗರ ಪರಿಷತ್ತಿನ ಸದಸ್ಯನೂ ಆಗಿದ್ದ. ಬೀದಿ, ಸೇತುವೆಗಳಿಗಾಗಿ ದುಡಿದ. ಆದರೆ ನದಿಯ ಉತ್ತರ ದಂಡೆಯಲ್ಲಿ ಆತನಿಗೂ ಆತನ ಕಕ್ಷಿದಾರರಿಗೂ ಬೇಕಾದಷ್ಟು ಜಮೀನಿತ್ತು. ನದಿಗೆ ಸೇತುವೆ ಬಿದ್ದರೆ ಊರಿಗೆ ಅನುಕೂಲ, ಆತನ ನಿವೇಶನಕ್ಕೂ ಬೆಲೆ. 1844ರಲ್ಲಿ 8,000 ಡಾಲರಿಗೆ ಕೊಂಡ ಜಮೀನು ಎಂಟು ವರ್ಷಗಳ ನಂತರ 30 ಲಕ್ಷ ಡಾಲರಿಗೆ ಹೋಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಆ ಬೆಲೆ ಏರಿದ್ದು ಆತನೊಬ್ಬನ ಜಾಣತನದಿಂದಲ್ಲ. ಕಾಲುವೆ ಅಗೆದ ಕೂಲಿಗಳು, ಅವರಲ್ಲಿ ಬಹುಪಾಲು ಐರ್ಲೆಂಡಿನಿಂದ ವಲಸೆ ಬಂದವರು. ಷೇರು ಕೊಂಡ ರೈತರು. ತೆರಿಗೆ ಕಟ್ಟಿದ ನಾಗರಿಕರು, ಇವರೆಲ್ಲರ ದುಡಿಮೆ ಅದರಲ್ಲಿ ಸೇರಿತ್ತು.

ಹಾಗಾದರೆ ಆತ ಸ್ವಾರ್ಥಿಯೇ? ಅವಸರದ ತೀರ್ಪು ಬೇಡ. ಆ ಕಾಲದ ಅಮೆರಿಕದ ಹೊಸ ಊರುಗಳಲ್ಲಿ ಜಮೀನಿದ್ದವನೇ ಜನಪ್ರತಿನಿಧಿಯಾಗುವುದು ಸಾಮಾನ್ಯವಾಗಿತ್ತು. ಊರು ಬೆಳೆದರೆ ತಾನೂ ಬೆಳೆಯುತ್ತೇನೆ ಎಂಬುದನ್ನು ಆಗ್ಡೆನ್ ಮುಚ್ಚಿಡಲೂ ಇಲ್ಲ. 1837ರಲ್ಲಿ ಊರಿನ ಹಿತ ತನ್ನ ಅನುಕೂಲದ ಎದುರು ಬಂದಾಗ ಆತ ಊರಿನ ಪಕ್ಷ ಹಿಡಿದ. ಅದೇ ಆತನ ದೊಡ್ಡತನ. ಆದರೆ ಪ್ರತಿ ಊರಿಗೂ ಇಂಥವನೇ ಸಿಗುತ್ತಾನೆಂಬ ಖಾತರಿ ಏನು? ಆದ್ದರಿಂದಲೇ ಪ್ರಜಾಪ್ರಭುತ್ವಗಳಲ್ಲಿ ಜನಪ್ರತಿನಿಧಿಗಳು ತಮ್ಮ ಆಸ್ತಿಯನ್ನು ಘೋಷಿಸಬೇಕೆಂಬ ನಿಯಮಗಳು ಬಂದವು. ಒಳ್ಳೆಯವನನ್ನು ಆರಿಸುವುದು ಒಂದು ರಕ್ಷಣೆ. ಯಾರನ್ನೇ ಆರಿಸಿದರೂ ಲೆಕ್ಕ ಕೇಳುವುದು ಅದಕ್ಕಿಂತ ಗಟ್ಟಿ ರಕ್ಷಣೆ.

ಲಾಭವೇ ಕಾಣದ ಕೆಲಸವನ್ನೂ ಆತ ವಹಿಸಿಕೊಂಡದ್ದುಂಟು. ಷಿಕಾಗೋ ಸರೋವರದ ಮಟ್ಟಕ್ಕಿಂತ ಹೆಚ್ಚು ಎತ್ತರವಿರಲಿಲ್ಲ. ಕೊಳಚೆ ಹರಿದುಹೋಗಲು ಇಳಿಜಾರೇ ಇರಲಿಲ್ಲ. 1854ರಲ್ಲಿ ಕಾಲರಾ ಬಂದು 1,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ರಚಿಸಿದ ಒಳಚರಂಡಿ ಮಂಡಳಿಯ ಮೂವರು ಸದಸ್ಯರಲ್ಲಿ ಆಗ್ಡೆನ್ ಒಬ್ಬ. ಅವರು ಎಲಿಸ್ ಚೆಸ್ಬ್ರೋ ಎಂಬ ಎಂಜಿನಿಯರನ್ನು ಕರೆತಂದರು. ನೆಲ ಅಗೆದು ಚರಂಡಿ ಹಾಕಲಾಗದಿದ್ದರೆ ನೆಲದ ಮೇಲೆಯೇ ಹಾಕಿ, ಅದನ್ನು ಮುಚ್ಚುವಷ್ಟು ಬೀದಿಗಳನ್ನೇ ಎತ್ತರಿಸೋಣ ಎಂದು ಆತ ಸೂಚಿಸಿದ. ಹಾಗೆಯೇ ಆಯಿತು. ಬೀದಿ ಏರಿದ ಮೇಲೆ ಮನೆಗಳು ಹಳ್ಳದಲ್ಲಿ ಉಳಿದವು. ದೊಡ್ಡ ದೊಡ್ಡ ಇಟ್ಟಿಗೆಯ ಕಟ್ಟಡಗಳನ್ನೂ ನೂರಾರು ತಿರುಪು ಜಾಕುಗಳಿಟ್ಟು ಎತ್ತಿದರು! ಆದರೂ ಕೊಳಚೆ ಸೇರುತ್ತಿದ್ದುದು ನದಿಯ ಮೂಲಕ ಕುಡಿಯುವ ನೀರಿನ ಸರೋವರಕ್ಕೇ. ಒಂದು ಸಮಸ್ಯೆಯ ಪರಿಹಾರ ಇನ್ನೊಂದಕ್ಕೆ ದಾರಿಯಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಒಂದೇ ರಾತ್ರಿ, ಎರಡು ಬೆಂಕಿ

ಆಗ್ಡೆನ್‌ನ ವ್ಯವಹಾರ ಹರಡುತ್ತಲೇ ಹೋಯಿತು. 1859ರಲ್ಲಿ ಆತ ಷಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಮೊದಲ ಅಧ್ಯಕ್ಷ. 1862ರಲ್ಲಿ, ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆಯಲು ಹುಟ್ಟಿದ ಯೂನಿಯನ್ ಪೆಸಿಫಿಕ್ ರೈಲ್ವೆಗೂ ಮೊದಲ ಅಧ್ಯಕ್ಷ ಆತನೇ. ಆದರೆ ಒಂದೇ ವರ್ಷದಲ್ಲಿ ಆ ಸ್ಥಾನ ಬೇರೆಯವರಿಗೆ ಹೋಯಿತು. ಉತ್ತರದ ವಿಸ್ಕಾನ್ಸಿನ್ ರಾಜ್ಯದ ಪೆಷ್ಟಿಗೋ ಎಂಬಲ್ಲಿ ಮರ ಕೊಯ್ಯುವ ದೊಡ್ಡ ಕಂಪನಿಯನ್ನೂ ನಡೆಸಿದ. ಮನೆ, ಕಾಲುದಾರಿ, ಸೇತುವೆ ಎಲ್ಲಕ್ಕೂ ಷಿಕಾಗೋದಲ್ಲಿ ಬಳಸುತ್ತಿದ್ದುದು ಮರವನ್ನೇ. ಉತ್ತರದ ಕಾಡು ಕರಗಿ ದಕ್ಷಿಣದಲ್ಲಿ ನಗರವಾಗುತ್ತಿತ್ತು.

1871ರ ಬೇಸಿಗೆಯಲ್ಲಿ ಮಳೆ ಬರಲಿಲ್ಲ. ಅಕ್ಟೋಬರ್ 8ರ ಭಾನುವಾರ ರಾತ್ರಿ ಷಿಕಾಗೋದಲ್ಲಿ ಹೊತ್ತಿದ ಬೆಂಕಿ 10ನೆಯ ತಾರೀಖಿನವರೆಗೂ ಉರಿಯಿತು. ಸುಮಾರು 300 ಜನ ಸತ್ತರು, 17,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಆ ವೇಳೆಗೆ ನ್ಯೂಯಾರ್ಕ್ ಬಳಿ ವಾಸವಾಗಿದ್ದ ಆಗ್ಡೆನ್ ಸುದ್ದಿ ತಿಳಿದು ಓಡಿಬಂದ. ಬೂದಿಯ ನಡುವೆ ತನ್ನ ಮನೆ ಇದ್ದ ಜಾಗವನ್ನು ಗುರುತಿಸುವುದೇ ಆತನಿಗೆ ಕಷ್ಟವಾಯಿತು. ತಮ್ಮನ ಮನೆಯೊಂದು ಮಾತ್ರ ಪವಾಡದಂತೆ ಉಳಿದಿತ್ತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ಭಾನುವಾರ ರಾತ್ರಿ, ಸುಮಾರು 350 ಕಿಲೋಮೀಟರ್ ಉತ್ತರಕ್ಕಿದ್ದ ಪೆಷ್ಟಿಗೋ ಕಾಳ್ಗಿಚ್ಚಿಗೆ ಸಿಕ್ಕಿ ಒಂದೆರಡು ಗಂಟೆಗಳಲ್ಲೇ ಸುಟ್ಟು ಬೂದಿಯಾಗಿತ್ತು. ಆ ಸೀಮೆಯಲ್ಲೆಲ್ಲ ಸೇರಿ ಸತ್ತವರು ಕಡಿಮೆಯೆಂದರೂ 1,200. ಲೆಕ್ಕ 2,400ರವರೆಗೂ ಹೋಗುತ್ತದೆ. ಅಮೆರಿಕದ ಚರಿತ್ರೆಯಲ್ಲೇ ಅತಿ ಹೆಚ್ಚು ಜನರನ್ನು ಕೊಂದ ಬೆಂಕಿ ಇದು. ಆದರೂ ಜಗತ್ತಿಗೆ ಗೊತ್ತಾದದ್ದು ಷಿಕಾಗೋದ ಬೆಂಕಿ ಮಾತ್ರ. ವಿಸ್ಕಾನ್ಸಿನ್ ರಾಜ್ಯಪಾಲ ಕೂಡ ಆಗ ಷಿಕಾಗೋಗೆ ನೆರವು ಹೊತ್ತು ಹೋಗಿದ್ದ. ಆತನ ಪತ್ನಿ ಫ್ರಾನ್ಸಿಸ್ ಫೇರ್‌ಚೈಲ್ಡ್ ಸಮಯಪ್ರಜ್ಞೆ ತೋರಿ, ಷಿಕಾಗೋಗೆ ಹೊರಡಲಿದ್ದ ಸಾಮಗ್ರಿಯನ್ನು ತನ್ನ ರಾಜ್ಯದ ಸಂತ್ರಸ್ತರ ಕಡೆಗೆ ತಿರುಗಿಸಿದಳು.

ಪೆಷ್ಟಿಗೋದಲ್ಲಿ ಬೆಂಕಿ ಅಷ್ಟು ಭೀಕರವಾದದ್ದೇಕೆ? ಬರ ಮತ್ತು ಬಿರುಗಾಳಿ ನಿಜ. ಆದರೆ ಮರ ಕಡಿದವರು ಬಿಟ್ಟುಹೋದ ಒಣ ರೆಂಬೆಗಳ ರಾಶಿ, ಹೊಲ ಮಾಡಲು ರೈತರು ಹಚ್ಚಿದ ಕಿಚ್ಚು, ರೈಲುಮಾರ್ಗಕ್ಕಾಗಿ ಕಾಡು ಕಡಿದವರು ಹಚ್ಚಿ ಬಿಟ್ಟ ಬೆಂಕಿ ಇವೂ ಕಾರಣಗಳಾಗಿದ್ದವು. ಆ ಮಾರ್ಗ ಆಗ್ಡೆನ್ ಹಿಂದೆ ಅಧ್ಯಕ್ಷನಾಗಿದ್ದ ರೈಲ್ವೆಯದೇ. ಊರಿಗೆ ಐಶ್ವರ್ಯ ತಂದ ಮರ ಮತ್ತು ಹಳಿಗಳೇ ಇಲ್ಲಿ ಮೃತ್ಯುವಿಗೂ ದಾರಿಯಾದವು. ಸಾಲ ಕೊಟ್ಟವರಿಗೆ ಆಡಿದ ಮಾತನ್ನು ಉಳಿಸಿಕೊಂಡ ವ್ಯವಹಾರಸ್ಥ, ಕಾಡಿನಿಂದ ಪಡೆದದ್ದನ್ನು ಸಾಲವೆಂದು ಎಣಿಸಿರಲಿಲ್ಲ. ಆ ಕಾಲದವರು ಯಾರೂ ಎಣಿಸುತ್ತಿರಲಿಲ್ಲ. ತೀರಿಸಿದವರು ಬೇರೆ ಜನ, ಮರಗೆಲಸದ ಕೂಲಿಗಳು, ಅವರ ಹೆಂಡಿರು ಮಕ್ಕಳು.

ಆಗ್ಡೆನ್ ಪೆಷ್ಟಿಗೋಗೂ ಹೋದ. ಉಳಿದವರ ಜೊತೆ ನಿಂತು ಊರನ್ನು ಮತ್ತೆ ಕಟ್ಟುವ ಕೆಲಸ ಹಿಡಿದ. ಆಗ ಆತನಿಗೆ 66 ವರ್ಷ. ಷಿಕಾಗೋ ಕೂಡ ಮತ್ತೆ ಎದ್ದಿತು. ನಗರ ಬೂದಿಯಾದರೂ ಅದರ ರೈಲುಮಾರ್ಗಗಳು, ವ್ಯಾಪಾರದ ಸಂಬಂಧಗಳು ಉಳಿದಿದ್ದವು. ಪೂರ್ವದ ಹಣ ಮತ್ತೆ ಹರಿದು ಬಂದಿತು. ಮೂವತ್ತನಾಲ್ಕು ವರ್ಷಗಳ ಹಿಂದೆ ಉಳಿಸಿಕೊಂಡ ಹೆಸರು ಆ ದಿನಗಳಲ್ಲೂ ಕೆಲಸಕ್ಕೆ ಬಂತೆಂದರೆ ತಪ್ಪಾಗದು.

ಆಗ್ಡೆನ್ 1877ರ ಆಗಸ್ಟ್ 3ರಂದು ನ್ಯೂಯಾರ್ಕಿನ ತನ್ನ ಮನೆಯಲ್ಲಿ ತೀರಿಕೊಂಡ. ಮದುವೆಯಾದದ್ದು ಅದಕ್ಕೆ ಎರಡು ವರ್ಷ ಮೊದಲಷ್ಟೇ. ಆತನ ಆಸ್ತಿಯ ಒಂದು ಭಾಗ ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗಕ್ಕೆ ಸಂದಿತು. ನಗರದ ಒಂದು ಹೆದ್ದಾರಿಗೆ ಆತನ ಹೆಸರಿದೆ. ಪೊಟವಾಟಮಿ ಜನರ ಕೊನೆಯ ಕುಣಿತ ಸಾಗಿದ ಬೀದಿಗಳು ಯಾವುವೆಂದು ಇಂದು ಹುಡುಕಿ ತಿಳಿಯಬೇಕು. ಒಂದು ಊರಿನ ನಿಜವಾದ ಚರಿತ್ರೆ ತಿಳಿಯಬೇಕಾದರೆ ಇವೆರಡನ್ನೂ ನೋಡಬೇಕು.

ನೀವೇ ಯೋಚಿಸಿ

1. 1837ರ ಸಭೆಯಲ್ಲಿ ನೀವು ಇದ್ದಿದ್ದರೆ ಸಾಲಗಾರರ ಪರವಾಗಿ ಏನು ವಾದ ಮಾಡುತ್ತಿದ್ದಿರಿ? ಮೇಯರನ ಮಾತಿಗೆ ಏನು ಉತ್ತರ ಕೊಡುತ್ತಿದ್ದಿರಿ?

2. ಹೊಸ ರಸ್ತೆ ಅಥವಾ ಸೇತುವೆಯಿಂದ ಜಮೀನಿನ ಬೆಲೆ ಏರಿದಾಗ, ಆ ಹೆಚ್ಚಳ ಯಾರಿಗೆ ಸೇರಬೇಕು?

3. ನಿಮ್ಮ ಊರಿನ ಪುರಸಭೆ ಅಥವಾ ಪಂಚಾಯಿತಿ ಯಾವ ವರ್ಷ ಆರಂಭವಾಯಿತು? ಅದರ ಮೊದಲ ಅಧ್ಯಕ್ಷರು ಯಾರು, ಅವರ ಕಸುಬು ಏನು? ಮನೆಯ ಹಿರಿಯರನ್ನೂ ಕಚೇರಿಯವರನ್ನೂ ಕೇಳಿ ಒಂದು ಪುಟ ಬರೆಯಿರಿ. ಆ ಪುಟದಲ್ಲಿ, ಊರು ಬೆಳೆಯುವಾಗ ಜಮೀನು ಬಿಟ್ಟುಕೊಟ್ಟವರ ಹೆಸರೂ ಇರಲಿ.